ಹುಳದ ಮನೆಯ ಕೊರಿಯಾ ಕಂಪನಿ

ಕಂದಾಯ ಇಲಾಖೆಯಿಂದ ಶೇಕ್ದಾರನಾಗಿ ನಿವೃತ್ತನಾದವನಿಗೆ ಸರ್ಕಾರ ಪಿಂಚಣಿ ಕೊಡುತ್ತದೆ. ಬೆಳಗ್ಗೆ ಎದ್ದು ಯಾರ ಮೇಲೆ ಅಧಿಕಾರ ಚಲಾಯಿಸಬೇಕು ಎಂಬುದಕ್ಕೆ ಯಾವ ವ್ಯವಸ್ಥೆಯನ್ನೂ ಮಾಡುವುದಿಲ್ಲ. ನನ್ನ ಮಟ್ಟಿಗೆ ಈ ಕೊರತೆಯನ್ನು ತುಂಬಿಕೊಟ್ಟದ್ದು ದಕ್ಷಿಣ ಕೊರಿಯಾ ದೇಶ. ಆ ದೇಶಕ್ಕೆ ಈ ಸಂಗತಿ ಇನ್ನೂ ತಿಳಿದಿಲ್ಲ.

ನಂಜನಗೂಡಿನ ನಮ್ಮ ಮನೆಯಲ್ಲಿದ್ದುಕೊಂಡು ಅಣ್ಣನ ಮೊಮ್ಮಗಳು ಬಿ.ಕಾಂ. ಓದುತ್ತಿದ್ದಳು. ಒಂದು ಸಂಜೆ ಅವಳ ಕೋಣೆಯಿಂದ ದಡಬಡ ಸದ್ದು ಬರತೊಡಗಿತು. ಅಡುಗೆಮನೆಯ ಡಬ್ಬಗಳು ಅಲುಗಿದವು. ‘ಹೋಗಿ ನೋಡ್ರೀ, ಬೀರು ಬಿತ್ತೋ ಏನೋ’ ಎಂದಳು ನನ್ನ ಹೆಂಡತಿ. ಸ್ಥಳ ಪರಿಶೀಲನೆಗೆ ಹೋದೆ. ಬೀರು ಇದ್ದಲ್ಲೇ ಇತ್ತು. ಅದರ ಬಾಗಿಲಿನ ಕನ್ನಡಿಯ ಮುಂದೆ ಹುಡುಗಿ ಬೆವರು ಸುರಿಸಿಕೊಂಡು ಕುಣಿಯುತ್ತಿದ್ದಳು. ಹಾಸಿಗೆಯ ಮೇಲೆ ದಿಂಬಿಗೊರಗಿಸಿದ ಫೋನಿನಲ್ಲಿ ಏಳೆಂಟು ಹುಡುಗಿಯರು, ಇನ್ನೂ ದೊಡ್ಡ ಕನ್ನಡಿಯ ಮುಂದೆ, ಅದನ್ನೇ ಕುಣಿಯುತ್ತಿದ್ದರು. ಒಬ್ಬಳ ಕೈ ಮೇಲೆದ್ದರೆ ಎಲ್ಲರ ಕೈಯೂ ಮೇಲೆ. ಒಬ್ಬಳ ತಲೆ ತಿರುಗಿದರೆ ಎಲ್ಲರ ತಲೆಯೂ ತಿರುಗುತ್ತಿತ್ತು. ನನ್ನ ಇಡೀ ಸೇವಾವಧಿಯಲ್ಲಿ ಒಂದು ತಾಲ್ಲೂಕು ಕಚೇರಿಯ ಸಿಬ್ಬಂದಿ ಇಷ್ಟು ಒಗ್ಗಟ್ಟಿನಿಂದ ಕುರ್ಚಿಯಿಂದ ಎದ್ದದ್ದನ್ನೂ ನಾನು ಕಂಡಿರಲಿಲ್ಲ.

‘ಯಾರಮ್ಮ ಇವರು? ಇವರ ಅಪ್ಪ ಅಮ್ಮ ಸುಮ್ಮನಿದ್ದಾರಾ?’

‘ಕೊರಿಯಾದವರು ಚಿಕ್ಕತಾತ. ಇವರನ್ನ ನೋಡ್ಕೊಳ್ಳೋದೆಲ್ಲ ಕಂಪನಿ.’

‘ಯಾವ ಕಂಪನಿ?’

ಅಲ್ಲಿಂದ ಶುರುವಾಯಿತು. ನಾನು ಹಾಸಿಗೆಯ ಅಂಚಿನಲ್ಲಿ ಕೂತೆ, ಹೆಂಡತಿ ಊಟಕ್ಕೆ ಕರೆದದ್ದು ಕೇಳಿಸಲಿಲ್ಲ. ಮಳೆ ಬಂದರೆ ನೀರು ನುಗ್ಗುವ ಒಂದು ನೆಲಮಾಳಿಗೆಯ ಕೋಣೆಯಲ್ಲಿ ಹಾಡು ಕಟ್ಟುವ ಒಬ್ಬ ಮನುಷ್ಯ, ಅವನ ಜೊತೆಗೆ ಬೆರಳೆಣಿಕೆಯ ಮಂದಿ ಸೇರಿಕೊಂಡು ಶುರುಮಾಡಿದ ಕಂಪನಿಯಂತೆ. ಊರೂರು ತಿರುಗಿ ಮಕ್ಕಳನ್ನು ಆರಿಸುವುದು. ಹಾಸ್ಟೆಲಿನಲ್ಲಿ ಇಟ್ಟು ಅನ್ನ ಹಾಕಿ ಹಾಡು, ಕುಣಿತ, ಪರದೇಶದ ಭಾಷೆ, ಕೊನೆಗೆ ತಲೆ ಬಾಗಿಸಿ ನಮಸ್ಕಾರ ಮಾಡುವುದನ್ನೂ ಕಲಿಸುವುದು. ತಿಂಗಳು ತಿಂಗಳು ಪರೀಕ್ಷೆ ಇಟ್ಟು ಹಿಂದೆ ಬಿದ್ದವರನ್ನು ಮನೆಗೆ ಕಳಿಸುವುದು. ವರ್ಷಗಟ್ಟಲೆ ಹೀಗೆ ಸಾಕಿ, ಉಳಿದವರನ್ನು ಒಂದು ದಿನ ತಂಡ ಮಾಡಿ ರಂಗಕ್ಕೆ ಬಿಡುವುದು. ಅದಕ್ಕೆ ಡೆಬ್ಯೂ ಅನ್ನುತ್ತಾರೆ. ಮೊದಲ ತಂಡ ಬಿದ್ದುಹೋಗಿ ಕಂಪನಿ ಬಾಗಿಲು ಹಾಕುವ ಹಾಗಾಯಿತಂತೆ. ಎರಡನೆಯದು ಎದ್ದಿತು. ಎದ್ದದ್ದು ಹೇಗೆಂದರೆ ಕಂಪನಿ ನೆಲಮಾಳಿಗೆಯಿಂದ ಗಾಜಿನ ಮಹಡಿಗೆ ಏರಿತು, ಷೇರು ಪೇಟೆಗೆ ಇಳಿಯಿತು, ಅಕ್ಕಪಕ್ಕದ ಸಣ್ಣ ಕಂಪನಿಗಳನ್ನೆಲ್ಲ ವಿಲೀನ ಮಾಡಿಕೊಂಡಿತು. ಈಗ ಅಭಿಮಾನಿಗಳು ಕೈಯಲ್ಲಿ ಹಿಡಿದು ಆಡಿಸುವ ದೀಪವನ್ನೂ ಅದೇ ಮಾರುತ್ತದಂತೆ.

ನನಗೆ ರೋಮಾಂಚನವಾಯಿತು. ಯಾಕೆಂದರೆ ಈ ಉದ್ಯಮ ನನಗೆ ಗೊತ್ತಿತ್ತು.

‘ಇದು ರೇಷ್ಮೆ ಕಣಮ್ಮಾ!’ ಎಂದು ಕೂಗಿಯೇಬಿಟ್ಟೆ. ‘ನಮ್ಮೂರು ಹೆಮ್ಮಿಗೇಲಿ ನಿಮ್ಮಜ್ಜಿ ಮಾಡ್ತಾ ಇರೋದೇ ಇದು! ಮರಿಹುಳ ತರೋದು, ಸೊಪ್ಪು ಹಾಕಿ ಸಾಕೋದು, ಪೊರೆ ಬಿಡೋ ನಾಲ್ಕು ಜ್ವರ ದಾಟಿಸೋದು, ಹಣ್ಣಾದವನ್ನ ಆರಿಸಿ ಗೂಡು ಕಟ್ಟೋ ಬಿದಿರು ಚಂದ್ರಿಕೆಗೆ ಬಿಡೋದು. ಆಮೇಲೆ ಗೂಡು ಮಾರ್ಕೆಟ್ಟು. ಡೆಬ್ಯೂ ಅಂದರೆ ಗೂಡು ಕಟ್ಟೋದು!’

‘ರೇಷ್ಮೆ ಹುಳನ ಕೊನೇಲಿ ಬಿಸಿನೀರಿಗೆ ಹಾಕ್ತಾರೆ ಚಿಕ್ಕತಾತ’ ಎಂದಳು ಅವಳು, ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ.

ಅಲ್ಲಿಯೂ ಕರಾರಿನ ಮೇಲೆ ಜಗಳ ಎದ್ದಿದೆ, ಕೆಲವರು ಕೋರ್ಟಿಗೆ ಹೋಗಿದ್ದಾರೆ ಎಂದು ಅವಳೇ ಹೇಳಿದಳು. ಕೋರ್ಟು ಎಂದ ಮೇಲೆ ಆ ಉದ್ಯಮದ ಮೇಲೆ ನನ್ನ ಗೌರವ ಇನ್ನಷ್ಟು ಹೆಚ್ಚಿತು. ವ್ಯಾಜ್ಯವಿಲ್ಲದ ಆಸ್ತಿಗೆ ನಮ್ಮ ಇಲಾಖೆಯಲ್ಲಿ ಅಂಥ ಬೆಲೆಯಿಲ್ಲ.

ಅವಳದೂ ಒಂದು ತಂಡವಿತ್ತು. ನಂಜನಗೂಡು–ತಿ. ನರಸೀಪುರ ಬಸ್ಸಿನಲ್ಲಿ ಕಾಲೇಜಿಗೆ ಓಡಾಡುವ ಹುಡುಗಿಯರು ಸೇರಿ ಐವರು. ಇವಳೂ ಇನ್ನಿಬ್ಬರೂ ಹೆಮ್ಮಿಗೆಯವರು, ಒಬ್ಬಳು ನರಸೀಪುರದವಳು, ಒಬ್ಬಳು ಮುಡುಕುತೊರೆಯವಳು. ಐವರಿಗೂ ಹುಚ್ಚು ಇತ್ತು, ಜಾಗ ಇರಲಿಲ್ಲ. ಕಾಲೇಜಿನ ತಾರಸಿಯಿಂದ ವಾಚ್‌ಮನ್ ಇಳಿಸಿದ್ದ. ಹೊಳೆದಂಡೆಯಲ್ಲಿ ನೋಡುವವರು ಹೆಚ್ಚು. ಮನೆಗಳಲ್ಲಿ ಕೋಣೆಯೊಂದಕ್ಕೆ ಮೂವರಂತೆ ಜನ. ‘ಒಂದು ಜಾಗ ಸಿಕ್ಕಿಬಿಟ್ರೆ ಸಾಕು ಚಿಕ್ಕತಾತ, ಆಮೇಲೆ ನೋಡಿ ನಮ್ಮನ್ನ’ ಎಂದಳು.

ಕುಣಿತದ ವಿಷಯದಲ್ಲಿ ನಾನು ನಿರಕ್ಷರಿ. ಆದರೆ ಜಾಗ ಎಂದರೆ ಅದು ಕಂದಾಯದ ವಿಷಯ. ಆ ಶನಿವಾರವೇ ಇಬ್ಬರೂ ಹೆಮ್ಮಿಗೆಯ ಬಸ್ಸು ಹತ್ತಿದೆವು.

ಹೆಮ್ಮಿಗೆಯ ನಮ್ಮ ಮನೆಯಲ್ಲಿ ಯಜಮಾನ ಅಣ್ಣ, ಅಧಿಕಾರ ಅತ್ತಿಗೆಯದು. ರೇಷ್ಮೆ ಬೆಳೆ ಪೂರ್ತಿ ಅವರ ಕೈಯಲ್ಲಿ. ಅಣ್ಣ ಬೀಡಿ ಸೇದುವುದರಿಂದ ಅವನಿಗೆ ಹುಳದ ಮನೆಯೊಳಕ್ಕೆ ಪ್ರವೇಶವಿಲ್ಲ. ಹೊಗೆ ಸೋಕಿದ ಕೈ ಸೊಪ್ಪು ಮುಟ್ಟಿದರೆ ಹುಳ ಸಾಯುತ್ತದೆ. ಮದುವೆಯಾದಾಗಿನಿಂದ ಅವನು ಬಾಗಿಲಾಚೆ ನಿಂತೇ ಸಂಸಾರ ಮಾಡಿದ್ದಾನೆ. ಮನೆಯ ಹಿಂದೆ ಹೊಸದಾಗಿ ಕಟ್ಟಿದ ದೊಡ್ಡ ಹುಳದ ಮನೆ, ಅದರ ಪಕ್ಕದಲ್ಲಿ ಹೆಂಚಿನ ಹಳೆಯದು. ಹಳೆಯದು ಖಾಲಿ ಬಿದ್ದಿತ್ತು.

ಅತ್ತಿಗೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಬಿಚ್ಚುತ್ತ ನನ್ನ ಅಹವಾಲನ್ನು ಪೂರ್ತಿ ಕೇಳಿದರು. ಕೊರಿಯಾ, ನೆಲಮಾಳಿಗೆ, ಷೇರು ಪೇಟೆ ಏನನ್ನೂ ನಾನು ಬಿಡಲಿಲ್ಲ.

‘ಅಲ್ಲ ಕಣಪ್ಪ, ನೀನು ಓದ್ದೋನು, ಆಫೀಸರ್ ಆಗಿದ್ದೋನು. ಎಣ್ಮಕ್ಳು ಕುಣಿಯಕ್ಕೆ ಮನೆ ಕೊಡು ಅಂತ ಬಂದಿದೀಯಲ್ಲ?’

‘ಅತ್ತಿಗೆಮ್ಮ, ಇದು ಕುಣಿತ ಅಲ್ಲ. ಒಂದು ಸಂಸ್ಥೆ.’

‘ಅಜ್ಜಿ, ವಾರಕ್ಕೆರಡೇ ದಿನ’ ಎಂದಳು ಹುಡುಗಿ. ‘ಗೋಡೆ ಮುಟ್ಟಲ್ಲ, ನೆಲ ನಾವೇ ಗುಡಿಸ್ತೀವಿ.’

ಅತ್ತಿಗೆ ಮೊಮ್ಮಗಳ ಮುಖ ನೋಡಿದರು. ಆಮೇಲೆ ಷರತ್ತುಗಳು ಬಂದವು. ಹೊಸ ಮನೆಯಲ್ಲಿ ಹುಳ ಇದ್ದಾಗ ಹಳೆಯ ಮನೆಯೂ ಹುಳದ ಮನೆಯೇ. ಚಪ್ಪಲಿ ಹೊರಗೆ. ಬಾಗಿಲಲ್ಲಿಟ್ಟ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ಅದ್ದಿಯೇ ಒಳಗೆ. ಪೌಡರ್ ಇಲ್ಲ, ಸೆಂಟು ಇಲ್ಲ, ಉಗುರುಬಣ್ಣವಿಲ್ಲ, ಹೂವೂ ಇಲ್ಲ. ಜಡೆ ಬಿಗಿಯಾಗಿ ಕಟ್ಟಬೇಕು. ಹಾಡು ಸಣ್ಣಗೆ.

ಹುಡುಗಿ ಬಸ್ಸಿನಲ್ಲಿ ವಾಪಸು ಬರುವಾಗ ಕಿವಿಯಿಂದ ಕಿವಿಯವರೆಗೆ ನಗುತ್ತಿದ್ದಳು. ‘ಚಿಕ್ಕತಾತ, ಅಲ್ಲಿ ಟ್ರೈನಿಗಳಿಗೂ ಹಿಂಗೇ ರೂಲ್ಸ್ ಇರ್ತವೆ ಗೊತ್ತಾ!’ ನನಗೆ ಆ ಕ್ಷಣವೇ ಮ್ಯಾನೇಜರ್ ಹುದ್ದೆ ದೊರೆಯಿತು. ಸಂದರ್ಶನವಾಗಲಿ ಜಾಮೀನಾಗಲಿ ಕೇಳಲಿಲ್ಲ.

ಕಂಪನಿ ಬೆಳೆಯತೊಡಗಿತು. ಬೆಳೆದದ್ದಕ್ಕೆ ಸಾಕ್ಷಿ ಇದೆ: ಮೊದಲು ಫೋನನ್ನು ಸ್ಟೀಲ್ ಪಾತ್ರೆಯೊಳಗಿಟ್ಟು ಹಾಡು ಹಾಕುತ್ತಿದ್ದರು, ಆಮೇಲೆ ಒಂದು ಸ್ಪೀಕರ್ ಬಂತು. ಚಿಕ್ಕಯ್ಯನಛತ್ರದಲ್ಲಿ ಒಂದು ಕಟಿಂಗ್ ಶಾಪು ಮುಚ್ಚುತ್ತಿದೆ ಎಂದು ತಿಳಿದು ಅದರ ಗೋಡೆಗನ್ನಡಿಗಳನ್ನು ಗೂಡ್ಸ್ ಆಟೋದಲ್ಲಿ ಸಾಗಿಸಿಕೊಂಡು ಬಂದೆ. ಒಂದರ ನೆತ್ತಿಯ ಮೇಲೆ ಕೆಂಪು ಬಣ್ಣದಲ್ಲಿ ‘ಇಲ್ಲಿ ರಾಜಕೀಯ ಮಾತನಾಡಬಾರದು’ ಎಂದು ಬರೆದಿತ್ತು. ಐದೂ ಜನ ಆ ಆದೇಶದ ಕೆಳಗೆ ಸಾಲಾಗಿ ನಿಂತು ಮೊದಲ ಸಲ ತಮ್ಮ ಕಾಲುಗಳನ್ನು ತಾವೇ ಒಟ್ಟಿಗೆ ಕಂಡರು. ಕಂಡು, ಎಷ್ಟು ಕೆಟ್ಟದಾಗಿ ಕುಣಿಯುತ್ತಿದ್ದೇವೆ ಎಂದು ಗೊತ್ತಾಗಿ, ಒಂದು ವಾರ ಯಾರೂ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ.

ನಾನೂ ಕೈಲಾದದ್ದನ್ನು ಮಾಡಿದೆ. ಯಾರು ಎಲ್ಲಿ ನಿಲ್ಲಬೇಕು ಎಂಬುದೇ ಈ ಕುಣಿತದ ಜೀವ. ನಿಂತ ಜಾಗ ಮಾತುಮಾತಿಗೆ ಬದಲಾಗುತ್ತದೆ. ಹುಡುಗಿಯರು ಡಿಕ್ಕಿ ಹೊಡೆದುಕೊಳ್ಳುವುದನ್ನು ನೋಡಲಾರದೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪ್ರತಿಯೊಬ್ಬಳಿಗೂ ಚಕ್ಕುಬಂದಿ ಹಾಕಿಕೊಟ್ಟೆ: ಪೂರ್ವಕ್ಕೆ ಮುಡುಕುತೊರೆಯವಳು, ಪಶ್ಚಿಮಕ್ಕೆ ನರಸೀಪುರದವಳು, ಉತ್ತರಕ್ಕೆ ಗೋಡೆ. ಮುಡುಕುತೊರೆಯವಳು ಪದೇ ಪದೇ ಪಕ್ಕದವಳ ಗಡಿ ದಾಟುತ್ತಿದ್ದಳು. ‘ಒತ್ತುವರಿ!’ ಎಂದು ಕೂಗುವುದು ನನ್ನ ಕರ್ತವ್ಯವಾಗಿತ್ತು. ‘ತೆರವು ಮಾಡಿಸಿ ತಾತ’ ಎಂದು ಉಳಿದವರು ಅರಚುತ್ತಿದ್ದರು. ಅತ್ತ ಸಿಯೋಲ್‌ನಲ್ಲಿ ಆ ಕಂಪನಿ ಇನ್ನೊಂದು ಹೊಸ ತಂಡವನ್ನು ಬಿಟ್ಟಿತೆಂದೂ ಮತ್ತೊಂದು ದೇಶದಲ್ಲಿ ಶಾಖೆ ತೆರೆಯಿತೆಂದೂ ಹುಡುಗಿ ವಾರ್ತೆ ತರುತ್ತಿದ್ದಳು. ಪ್ರತಿಸ್ಪರ್ಧಿಯ ಏಳಿಗೆಯನ್ನು ನಾನು ದೊಡ್ಡ ಮನಸ್ಸಿನಿಂದ ಕೇಳಿಸಿಕೊಳ್ಳುತ್ತಿದ್ದೆ.

ಇಷ್ಟರಲ್ಲಿ ಊರಿನಲ್ಲಿ ಒಂದು ಅನಾಹುತ ಬೇರು ಬಿಟ್ಟಿತು.

ಬಸ್ಸಿಳಿದು ಟೀ ಅಂಗಡಿಯಲ್ಲಿ ಕೂತಿದ್ದಾಗ, ಹೆಗಲ ಮೇಲೆ ಹಸಿರು ಟವೆಲ್ ಹಾಕಿಕೊಂಡ ರೈತರೊಬ್ಬರು, ಊರಲ್ಲಿ ಎಲ್ಲರ ಸುದ್ದಿಯನ್ನೂ ಎಲ್ಲರಿಗಿಂತ ಮೊದಲು ತಿಳಿದುಕೊಳ್ಳುವವರು, ಪಕ್ಕಕ್ಕೆ ಬಂದು ಕೂತು ಕೇಳಿದರು. ‘ಏನ್ ಸಾ, ವಾರ ವಾರ ಬತ್ತಾ ಇದೀರಿ?’

ನಾನು ಗಾಂಭೀರ್ಯದಿಂದ, ‘ಕೊರಿಯಾದಲ್ಲಿ ಒಂದು ಕಂಪನಿ ಬೆಳೆದಿದೆ ನೋಡಿ, ಅದೇ ರೀತೀಲಿ ಇಲ್ಲೂ ಒಂದು ಶುರುವಾಗ್ತಾ ಇದೆ. ಜಾಗ ನೋಡಿ ಆಯ್ತು’ ಎಂದೆ. ಬೇರೆ ಯಾರು ಹೇಳಿದ್ದರೂ ಅದು ಬರೀ ಮಾತು. ನಿವೃತ್ತ ಶೇಕ್ದಾರ ಹೇಳಿದರೆ ಅದು ಭೂಸ್ವಾಧೀನ.

ಮುಂದಿನ ಶನಿವಾರ ಬಸ್ಸಿಳಿದಾಗ ಅರಳಿಕಟ್ಟೆಯ ಮೇಲೆ ಜನ ಪಹಣಿ ಹಿಡಿದು ಕೂತಿದ್ದರು.

‘ಸಾ, ನಮ್ಮ ಗದ್ದೆ ಬತ್ತದಾ ಅದರೊಳ್ಗೆ?’

‘ಬರಬಾರ್ದು ಸಾ, ನಂದು ಕಾಲುವೆ ನೀರಿನ ಗದ್ದೆ, ಕೈ ಮುಗಿತೀನಿ ಬುಟ್ಬುಡಿ.’

‘ನಂದು ಸೇರುಸ್ಬುಡಿ ಸಾ. ಆ ಕಲ್ಲುಭೂಮೀಲಿ ಏನೂ ಆಗಕ್ಕಿಲ್ಲ.’

ನಾನು ಕಟ್ಟೆ ಹತ್ತಿ ನಿಂತು ಸ್ಪಷ್ಟವಾಗಿ ಹೇಳಿದೆ: ಯಾವ ಕಾರ್ಖಾನೆಯೂ ಬರುತ್ತಿಲ್ಲ, ಯಾರ ಜಮೀನೂ ಹೋಗುವುದಿಲ್ಲ, ಐದು ಹುಡುಗಿಯರು ಡ್ಯಾನ್ಸ್ ಕಲಿಯುತ್ತಿದ್ದಾರೆ, ಅಷ್ಟೇ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಲ್ಲಗೆ ತಲೆದೂಗಿದರು. ಹಸಿರು ಟವೆಲಿನವರು ಪಕ್ಕದವರಿಗೆ, ನನಗೆ ಕೇಳಿಸುವ ಹಾಗೆಯೇ, ಪಿಸುಗುಟ್ಟಿದರು: ‘ನೋಟೀಸ್ ಬರೋಗಂಟ ಇವ್ರು ಬಾಯ್ ಬುಡಕ್ಕಿಲ್ಲ ಕಣ್ಲಾ. ನೋಡ್ದಾ, ಡ್ಯಾನ್ಸಂತೆ!’

ಅವರ ತಪ್ಪಲ್ಲ. ಏನೂ ಇಲ್ಲ, ಏನೂ ಇಲ್ಲ ಎಂದು ನಮ್ಮ ಇಲಾಖೆ ಹೇಳಿದ ಮಾರನೆಯ ದಿನವೇ ಅಳತೆಯ ಸರಪಳಿ ಬಂದು ಇಳಿದದ್ದನ್ನು ಈ ಊರುಗಳು ಕಂಡಿವೆ. ನಾನು ನಿರಾಕರಿಸಿದಷ್ಟೂ ಸುದ್ದಿ ಗಟ್ಟಿಯಾಯಿತು. ಕೊನೆಗೆ ನಿರಾಕರಿಸುವುದನ್ನೇ ಬಿಟ್ಟೆ. ಆಗ, ಒಪ್ಪಿಕೊಂಡರು ಎಂದರು.

ನಿಜವಾದ ಸಂಕಟ ಬೇರೆ ಕಡೆಯಿಂದ ಬಂತು. ಅತ್ತಿಗೆಗೆ ಹಿಂದಿನ ಬೆಳೆಯಲ್ಲಿ ಗೂಡು ಚೆನ್ನಾಗಿ ಬಂದಿತ್ತು. ಮುಂದಿನ ಸಲ ಹೆಚ್ಚು ಮರಿಹುಳ ತರುವ ಯೋಚನೆ ಮಾಡಿದ್ದರು. ಒಂದು ಭಾನುವಾರ ತಾಲೀಮಿನ ನಡುವೆ ಬಾಗಿಲಲ್ಲಿ ನಿಂತು ಹೇಳಿದರು:

‘ಈ ಬೆಳೆ ಮುಗೀಲಿ. ಮುಂದಕ್ಕೆ ಈ ಮನೇನೂ ಬೇಕು ನಂಗೆ.’

ಸ್ಪೀಕರ್ ನಿಂತಿತು. ಹುಡುಗಿ ಕನ್ನಡಿಯಿಂದ ಇತ್ತ ತಿರುಗಲಿಲ್ಲ. ಕನ್ನಡಿಯೊಳಗಿಂದಲೇ ಅಜ್ಜಿಯನ್ನು ನೋಡಿದಳು. ‘ಅಜ್ಜಿ, ಇದು ಬಿಟ್ರೆ ನಮಗೆ ಎಲ್ಲೂ ಇಲ್ಲ.’

‘ಆಡ್ಕೊಂಡಿದ್ದು ಸಾಕಲ್ವಾ ತಾಯಿ?’

‘ನಾವು ಆಡ್ತಿಲ್ಲ.’

ಅತ್ತಿಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ‘ಅಂಗಾದ್ರೆ ಜನದ್ ಮುಂದೆ ಒಂದ್ಸಲ ಕುಣೀರಿ. ನಾನು ಕಣ್ಣಲ್ಲಿ ನೋಡ್ತೀನಿ. ನೋಡಿ, ಇದು ಕೆಲ್ಸ ಅಂತ ನಂಗೆ ಅನ್ನುಸ್ಬೇಕು. ಅನ್ನುಸ್ತೋ, ಮನೆ ನಿಮ್ದು. ಇಲ್ವೋ, ಉಳದ ತಟ್ಟೆ ಜೋಡುಸ್ತೀನಿ.’

ನಂಜನಗೂಡಿನ ಒಂದು ಕಲ್ಯಾಣ ಮಂಟಪದಲ್ಲಿ ನೃತ್ಯ ಸ್ಪರ್ಧೆ ಇರುವುದನ್ನು ಹುಡುಗಿಯೇ ಪತ್ತೆ ಮಾಡಿದಳು. ಅದೇ ನಮ್ಮ ಡೆಬ್ಯೂ ಎಂದು ತೀರ್ಮಾನವಾಯಿತು. ಅತ್ತಿಗೆಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿಯುವ ಜವಾಬ್ದಾರಿ ನನ್ನದು. ಹುಳದ ಲೆಕ್ಕವೂ ಸರಿಯಾಗಿತ್ತು: ಸ್ಪರ್ಧೆ ಮುಗಿದ ಮಾರನೆಯ ದಿನ ಅವು ಹಣ್ಣಾಗಬೇಕು. ಅತ್ತಿಗೆಯೇ ಬೆರಳು ಮಡಿಸಿ ಹೇಳಿದ್ದರು.

ಆ ವಾರ ಬಿಸಿಲು ಏರಿತು. ಬಿಸಿಲು ಏರಿದರೆ ಹುಳ ಬೇಗ ಹಣ್ಣಾಗುತ್ತದೆ. ಸ್ಪರ್ಧೆಯ ದಿನ ಬೆಳಗ್ಗೆ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಿಂದಿನ ದಿನವೇ ಹೆಮ್ಮಿಗೆಗೆ ಹೋಗಿದ್ದ ಹುಡುಗಿಯನ್ನೂ ಅವಳ ಸಂಗಡಿಗರನ್ನೂ ಕರೆತರಲು ಬಿಳಿ ಟೆಂಪೋ ಟ್ರಾವೆಲರ್ ಮಾಡಿಕೊಂಡು ಬಂದು ಇಳಿದರೆ, ಹೊಸ ಹುಳದ ಮನೆಯಲ್ಲಿ ಯಾರೂ ತಲೆಯೆತ್ತಿ ನೋಡಲಿಲ್ಲ.

‘ಹಣ್ಣಾಗ್‌ಬುಟ್ಟವೆ ಕಣಪ್ಪ! ಒಟ್ಟಿಗೇ!’ ಎಂದರು ಅತ್ತಿಗೆ. ಮೈ ಹಳದಿಗೆ ತಿರುಗಿ ಗಾಜಿನ ಹಾಗಾದ ಹುಳಗಳು ಸೊಪ್ಪು ಬಿಟ್ಟು ತಲೆ ಎತ್ತಿ, ಗೂಡು ಕಟ್ಟುವುದಕ್ಕೆ ಎಡೆ ಹುಡುಕುತ್ತ ತಟ್ಟೆಯ ಅಂಚು ಹತ್ತುತ್ತಿದ್ದವು. ಒಂದೊಂದನ್ನೂ ಕೈಯಲ್ಲಿ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡಮಾಡಿದರೆ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಬರಬೇಕಿದ್ದ ಆಳುಗಳು ಆ ದಿನ ಕಬ್ಬು ಕಡಿಯಲು ಹೋಗಿದ್ದರು. ಐದೂ ಹುಡುಗಿಯರು ಕುಣಿತದ ಕಪ್ಪು ಅಂಗಿಯಲ್ಲೇ ತಟ್ಟೆಗಳ ನಡುವೆ ಬಗ್ಗಿ ಹುಳ ಆರಿಸುತ್ತಿದ್ದರು.

‘ಹೊರಡಮ್ಮ, ಹೊತ್ತಾಗ್ತದೆ’ ಎಂದೆ.

ಹುಡುಗಿ ತಲೆಯಾಡಿಸಿದಳು. ‘ಇಲ್ಲ ಚಿಕ್ಕತಾತ. ಅಜ್ಜಿ ಒಬ್ಬರೇ ಏನು ಮಾಡ್ತಾರೆ? ಬೆಳೆ ಹೋಗತ್ತೆ.’

‘ಹೋಗ್ದಿದ್ರೆ ನಿಂಗೆ ಆ ಹಳೇ ಮನೆ...’

‘ಗೊತ್ತು.’ ಅವಳ ಕೈ ನಿಲ್ಲಲಿಲ್ಲ. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳುವುದಕ್ಕೆ ಕೈ ಬಿಡುವಿರಲಿಲ್ಲ. ಅತ್ತಿಗೆ ಇದನ್ನೆಲ್ಲ ಕೇಳಿಸಿಕೊಳ್ಳುತ್ತಲೇ ಮುಂದಿನ ತಟ್ಟೆ ಎಳೆದುಕೊಂಡರು.

ಅಷ್ಟರಲ್ಲಿ ಹೊರಗೆ ಗದ್ದಲ. ಇಣುಕಿ ನೋಡಿದರೆ ಅರ್ಧ ಊರು ನಮ್ಮ ಹಿತ್ತಲಿನಲ್ಲಿತ್ತು. ಬಿಳಿ ಟೆಂಪೋ ಊರೊಳಗೆ ಬಂದದ್ದು, ಅದರಿಂದ ಇಸ್ತ್ರಿ ಅಂಗಿಯ ಶೇಕ್ದಾರ ಇಳಿದದ್ದು ಎರಡನ್ನೂ ಜನ ಕಂಡಿದ್ದರು. ಇನ್ನು ಹೇಳಬೇಕೆ? ಕೊರಿಯಾದವರು ಬಂದೇಬಿಟ್ಟಿದ್ದರು. ಹಸಿರು ಟವೆಲಿನವರು ಎಲ್ಲರ ಮುಂದೆ.

‘ಅಕ್ಕಾ, ಎಲ್ಲವ್ರೆ ಕಂಪ್ನಿಯೋರು?’

ಅತ್ತಿಗೆ ಬಾಗಿಲಿಗೆ ಬಂದರು. ಗುಂಪನ್ನು ಒಂದು ಸಲ ಈ ಕಡೆಯಿಂದ ಆ ಕಡೆಗೆ ನೋಡಿದರು. ಆಳಿಲ್ಲದೆ ನಿಂತ ಯಜಮಾನಿಗೆ ಒಂದು ಗುಂಪು ಹೇಗೆ ಕಾಣುತ್ತದೋ ಹಾಗೆ.

‘ಕಂಪ್ನಿ ಆಮ್ಯಾಕೆ. ಮೊದ್ಲು ಉಳ. ಬೀಡಿ ಸೇದೋರೆಲ್ಲ ಆ ಕಡೀಕ್ ಓಗಿ. ಮಿಕ್ಕೋರು ಕಾಲ್ ತೊಳ್ಕೊಂಡು ಒಳಕ್ ಬನ್ನಿ.’

ನಾನು ನ್ಯಾಯವಾಗಿ ಅಡ್ಡ ಬಂದು, ‘ನೋಡಿ, ಕೊರಿಯಾದವರು ಯಾರೂ ಬಂದಿಲ್ಲ, ಬರೋದೂ ಇಲ್ಲ’ ಎಂದು ಘೋಷಿಸಿದೆ.

‘ಗೊತ್ತು ಬುಡಿ ಸಾ’ ಎಂದು ಹಸಿರು ಟವೆಲಿನವರು ಕಣ್ಣು ಹೊಡೆದು, ಬ್ಲೀಚಿಂಗ್ ನೀರಿಗೆ ಕಾಲಿಟ್ಟರು. ಅವರ ಹಿಂದೆ ಅವರ ಹೆಂಡತಿ, ಅವರ ಹಿಂದೆ ಕಲ್ಲುಭೂಮಿಯವರು, ಕಾಲುವೆಯವರು. ಎಲ್ಲರೂ ರೇಷ್ಮೆ ಕಂಡವರೇ. ತಟ್ಟೆಯ ಮುಂದೆ ಕೂತ ಮೇಲೆ ಕೈ ತಾನಾಗಿ ಓಡಿತು. ‘ಇದು ಮುಯ್ಯಾಳು ಕಣಕ್ಕ, ನಮ್ಮನೆ ಹಣ್ಣಾದಾಗ ನೀನೂ ಬರ್ಬೇಕು’ ಎಂದಳು ಹಸಿರು ಟವೆಲಿನವರ ಹೆಂಡತಿ. ಆಳಿಗೆ ಆಳು, ದಿನಕ್ಕೆ ದಿನ. ‘ಬತ್ತೀನಿ ಕಣವ್ವ, ನಾನೂ ಬತ್ತೀನಿ, ಇವ್ರೂ ಬತ್ತಾರೆ’ ಎಂದು ಅತ್ತಿಗೆ ನನ್ನತ್ತ ಬೆರಳು ತೋರಿದರು.

ಆಮೇಲೆ ಮೊಮ್ಮಗಳ ಕೈಯಿಂದ ತಟ್ಟೆ ಕಿತ್ತುಕೊಂಡರು. ‘ಇನ್ನೂ ನಿಂತಿದೀಯಲ್ಲ! ಓಗು!’

‘ನೀವು ನೋಡಬೇಕಲ್ಲ ಅಜ್ಜಿ?’

‘ಫೋನಿಲ್ವಾ? ನಿಮ್ತಾತ ಬಾಗ್ಲಲ್ಲಿ ಹಿಡ್ಕೊಂಡು ನಿಂತ್ಕತಾನೆ. ಇಷ್ಟ್ ವರ್ಷಕ್ಕೆ ಒಂದ್ ಕೆಲ್ಸ ಸಿಕ್ಕಂಗಾಯ್ತು ಅವಂಗೆ.’

ಅಣ್ಣ ಬೀಡಿಯನ್ನು ಗೋಡೆಗೆ ಒತ್ತಿ ನಂದಿಸಿ, ಬಹಳ ಘನವಾಗಿ ಫೋನು ಸ್ವೀಕರಿಸಿದ.

ಟೆಂಪೋ ನರಸೀಪುರದ ಹೊಳೆ ದಾಟಿ ನಂಜನಗೂಡಿನ ರಸ್ತೆಗೆ ಬಿದ್ದಾಗ ಹುಡುಗಿಯರು ಸೀಟಿನಲ್ಲೇ ಕೈಗಳ ತಾಲೀಮು ಮಾಡುತ್ತಿದ್ದರು. ಬೆರಳುಗಳಿಗೆ ರೇಷ್ಮೆಯ ಎಳೆ ಅಂಟಿಕೊಂಡು ಬಿಡುತ್ತಲೇ ಇರಲಿಲ್ಲ. ಮಂಟಪ ತಲುಪಿದಾಗ ನಮ್ಮ ತಂಡದ ಹೆಸರನ್ನು ಎರಡನೆಯ ಸಲ ಕೂಗುತ್ತಿದ್ದರು. ಉಳಿದ ತಂಡಗಳವರು ಮಿರಿಮಿರಿ ಬಟ್ಟೆ, ಮುಖದ ತುಂಬ ಹೊಳಪು, ಕೂದಲಿಗೆ ಬಣ್ಣ. ನಮ್ಮವರು ಬರಿಮುಖ, ಬಿಗಿಜಡೆ, ಅಂಗಿಯ ಮೇಲೆ ಅಲ್ಲಲ್ಲಿ ನೇರಳೆ ಸೊಪ್ಪಿನ ಚೂರು. ಚಪ್ಪಲಿಯನ್ನು ಅಭ್ಯಾಸಬಲದಿಂದ ಮೆಟ್ಟಿಲ ಕೆಳಗೆ ಬಿಟ್ಟು ಬರಿಗಾಲಲ್ಲಿ ರಂಗ ಹತ್ತಿದರು. ಐದೂ ಜೊತೆ ಸಾಲಾಗಿ ಉಳಿದವು.

ನಾನು ವಿಡಿಯೋ ಕಾಲ್ ಮಾಡಿ ಫೋನನ್ನು ರಂಗದ ಕಡೆ ಎತ್ತಿ ಹಿಡಿದೆ. ಸದ್ದು ಕಡಿಮೆ ಮಾಡುವ ಗುಂಡಿ ಯಾವುದೆಂದು ಹುಡುಗಿ ಹೇಳಿಕೊಟ್ಟಿದ್ದಳು, ಅದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ಹಾಡು ಸಿಡಿಯಿತು. ಐದು ತಲೆಗಳು ಒಟ್ಟಿಗೆ ಎದ್ದವು. ಹುಳದ ಮನೆಯಲ್ಲಿ ವಾರಗಟ್ಟಲೆ ಅದೇ ಹಾಡನ್ನು ಸಣ್ಣಗೆ ಕೇಳಿ ಕೇಳಿ ಕುಣಿದವರು, ಈ ಅಬ್ಬರದ ಸ್ಪೀಕರುಗಳ ಮುಂದೆ ಬೇಲಿ ಕಿತ್ತ ಕರುಗಳ ಹಾಗೆ ನುಗ್ಗಿದರು. ಸೀಮೆಸುಣ್ಣದ ಗೆರೆಯಿಲ್ಲದ ನೆಲದ ಮೇಲೆ ಜಾಗದಿಂದ ಜಾಗಕ್ಕೆ ಹಾರಿ, ತಮ್ಮ ತಮ್ಮ ಗಡಿಯಲ್ಲೇ ಇಳಿದರು. ನನ್ನ ಅಣ್ಣನ ಮೊಮ್ಮಗಳು ನಡುವಿಗೆ ಬಂದು ತಿರುಗಿದಾಗ ಜಡೆ ಗಾಳಿಯಲ್ಲಿ ಪೂರ್ತಿ ಒಂದು ಸುತ್ತು ಹೊಡೆಯಿತು. ಮಂಟಪ ಶಿಳ್ಳೆ ಹೊಡೆಯಿತು. ನಾನೂ ಹೊಡೆದೆ ಎಂದು ಪಕ್ಕದಲ್ಲಿದ್ದವರು ಆಮೇಲೆ ಹೇಳಿದರು. ಅದರ ಬಗ್ಗೆ ನನ್ನಲ್ಲಿ ಮಾಹಿತಿ ಇಲ್ಲ.

ನನ್ನ ಕೈಯಲ್ಲಿದ್ದ ಫೋನು ಮಾತ್ರ ಮಂಟಪಕ್ಕೆಲ್ಲ ಕೇಳುವ ಹಾಗೆ ಮಾತಾಡುತ್ತಿತ್ತು.

‘ಲೇ, ಇದು ನಮ್ಮ ಹೆಣ್ಣಲ್ವೇನ್ಲಾ!’ ಇದು ಅಣ್ಣ.

‘ತಡಿ, ಅಲ್ಲಾಡುಸ್ಬ್ಯಾಡ! ಸರಿಯಾಗ್ ಹಿಡ್ಕೊ!’ ಇದು ಅತ್ತಿಗೆ.

‘ಅಯ್ಯಯ್ಯೋ, ಎಂಗ್ ಕುಣಿತವೆ ನೋಡ್ಲಾ!’

‘ಸಾ... ಸಾ...’ ಹಸಿರು ಟವೆಲಿನವರ ಧ್ವನಿ, ಬಹಳ ಮೆಲ್ಲಗೆ. ‘ಇದೇನಾ ಸಾ ಕಂಪ್ನಿ ಅಂದ್ರೆ?’

‘ನಾನು ಮೊದಲಿಂದ ಅದನ್ನೇ ಹೇಳ್ತಿದ್ದೆ’ ಎಂದೆ ಫೋನಿಗೆ.

ಹುಳದ ಮನೆಯಿಂದ ಎದ್ದ ನಗು ಎಂಥದೆಂದರೆ ತೀರ್ಪುಗಾರರೂ ತಿರುಗಿ ನೋಡಿದರು. ಅದರ ಮಧ್ಯೆ ಅತ್ತಿಗೆಯ ಕೂಗು: ‘ಆ ಎಡಗಡೇದು! ಎಡಗಡೆ ಕೊನೇದು! ತಲೆ ಎತ್ತವ್ವಾ!’ ಎಡಗಡೆ ಕೊನೆಯಲ್ಲಿದ್ದವಳು ಮುಡುಕುತೊರೆಯವಳು. ರಂಗದ ಸ್ಪೀಕರುಗಳ ನಡುವೆ ಅವಳಿಗೆ ಅದು ಕೇಳುವುದು ಸಾಧ್ಯವಿರಲಿಲ್ಲ. ಆದರೆ ಮುಂದಿನ ಸಲ ತಲೆ ಎತ್ತಿದಳು.

ಫಲಿತಾಂಶ ಬಂದಾಗ ನಮಗೆ ಸಿಕ್ಕಿದ್ದು ಸಮಾಧಾನಕರ ಬಹುಮಾನ: ಒಂದು ಪ್ಲಾಸ್ಟಿಕ್ ಹಾಟ್‌ಬಾಕ್ಸ್. ಬಿಸಿ ಕಾಯುವ ಪಾತ್ರೆಯನ್ನು ತಣ್ಣಗಾದವರಿಗೆ ಕೊಡುವ ಪದ್ಧತಿ ಯಾರದೋ ಗೊತ್ತಿಲ್ಲ. ವಾಪಸು ಬರುವಾಗ ಟೆಂಪೋದಲ್ಲಿ ಯಾರೂ ಕೈಗಳ ತಾಲೀಮು ಮಾಡಲಿಲ್ಲ. ಹುಡುಗಿ ಆ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ಗದ್ದೆ ನೋಡುತ್ತಿದ್ದಳು.

ಹೆಮ್ಮಿಗೆ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಜನ ಹೋಗಿಯಾಗಿತ್ತು. ಚಂದ್ರಿಕೆಗಳು ಅಂಗಳದಲ್ಲಿ ಗೋಡೆಗೊರಗಿ ಸಾಲಾಗಿ ನಿಂತಿದ್ದವು. ಹುಳಗಳು ತಲೆ ಆಡಿಸುತ್ತ ನೂಲು ಬಿಡತೊಡಗಿದ್ದವು. ಅತ್ತಿಗೆ ಒಂದೊಂದನ್ನೂ ಬಗ್ಗಿ ನೋಡಿಕೊಂಡು ಬರುತ್ತಿದ್ದರು.

ಹುಡುಗಿ ಅವರೆದುರು ನಿಂತಳು. ‘ಅಜ್ಜಿ, ಗೆಲ್ಲಲಿಲ್ಲ.’

‘ಗೆಲ್ಲು ಅಂತ ನಾನೇನ್ ಏಳಿದ್ನಾ? ಕಣ್ಣಲ್ಲಿ ನೋಡ್ತೀನಿ ಅಂದಿದ್ದೆ. ನೋಡ್ದೆ.’ ಬಗ್ಗಿದ ಸೊಂಟವನ್ನು ನೆಟ್ಟಗೆ ಮಾಡಿಕೊಂಡರು. ‘ನೀನು ಚೆಂದಾಗ್ ಕುಣಿದೆ. ನಡುವಿನೋರು ಪರ್ವಾಗಿಲ್ಲ. ಎಡಗಡೆ ಕೊನೇದು ಇನ್ನೂ ಜ್ವರದಿಂದ ಎದ್ದೇ ಇಲ್ಲ. ಎಲ್ಲಾರ್ಗಿಂತ ಒಂದ್ ಚೂರು ಹಿಂದೆ. ಉಳನೂ ಅಂಗೇ, ಒಂದ್ ತಟ್ಟೇಲಿ ಇರೋವು ಒಟ್ಟಿಗೇ ಏಳ್ಬೇಕು. ಹಿಂದೆ ಬಿದ್ದಿದ್ದನ್ನ ಬೇರೆ ಇಟ್ಟು ಎರಡ್ ತುತ್ತು ಹೆಚ್ಗೆ ಹಾಕ್ಬೇಕು. ನಿಮ್ಮಲ್ಲಿ ಅದನ್ನ ಯಾರು ನೋಡ್ಕೊಳದು?’

ಹುಡುಗಿಯರೆಲ್ಲ ನನ್ನ ಕಡೆ ನೋಡಿದರು.

‘ಇವ್ನಾ?’ ಎಂದರು ಅತ್ತಿಗೆ. ‘ಇವ್ನಿಗೆ ಗಡಿ ಹಾಕಕ್ ಬತ್ತದೆ, ಅಷ್ಟೇ.’

‘ಮನೆ, ಅಜ್ಜಿ?’ ಎಂದಳು ಹುಡುಗಿ. ಹಾಟ್‌ಬಾಕ್ಸಿನ ಮುಚ್ಚಳವನ್ನು ಹಿಂಡಿ ಹಿಡಿದಿದ್ದಳು.

‘ತಟ್ಟೆ ಇಡಕ್ಕಿಲ್ಲ. ಆದ್ರೆ ಭಾನ್ವಾರ ನಾನೂ ಬಂದು ಕೂತ್ಕತೀನಿ.’

ಹುಡುಗಿ ಚೀರಿದ ಚೀರಾಟಕ್ಕೆ ಕೊಟ್ಟಿಗೆಯಲ್ಲಿ ಎಮ್ಮೆ ಎದ್ದು ನಿಂತಿತು. ಐವರೂ ಅತ್ತಿಗೆಯನ್ನು ಎತ್ತಿಬಿಡುವ ಹಾಗೆ ತಬ್ಬಿಕೊಂಡರು. ‘ಲೇ, ಚಂದ್ರಿಕೆ! ಚಂದ್ರಿಕೆ ಬೀಳ್ತವೆ!’ ಎಂದು ಅವರು ಬಯ್ಯುತ್ತಿದ್ದರೂ ಸೆರಗಿನ ಮರೆಯಲ್ಲಿ ನಗುತ್ತಿದ್ದರು. ಅಣ್ಣ ಇನ್ನೂ ಫೋನನ್ನು ಎತ್ತಿ ಹಿಡಿದೇ ನಿಂತಿದ್ದ. ಇಳಿಸು ಎಂದು ಯಾರೂ ಹೇಳಿರಲಿಲ್ಲ.

ಭಾನುವಾರ ಅತ್ತಿಗೆ ಹಳೆಯ ಹುಳದ ಮನೆಯಲ್ಲಿ ಮೊರ ಮಡಿಲಲ್ಲಿಟ್ಟುಕೊಂಡು ಅವರೆಕಾಯಿ ಸುಲಿಯುತ್ತ ಕೂತರು. ಐವರೂ ಕಾಲು ಅದ್ದಿ ಒಳಗೆ ಬಂದು ಸಾಲಾಗಿ ನಿಂತರು. ನಾನು ಎಂದಿನಂತೆ ಮುಂದೆ ಹೋಗಿ ಸೀಮೆಸುಣ್ಣ ಕೈಗೆತ್ತಿಕೊಂಡೆ.

‘ನೀನು ಈ ಕಡೆ ಬಾರಪ್ಪ’ ಎಂದರು ಅತ್ತಿಗೆ. ‘ಅಡ್ಡ ಬತ್ತೀಯ. ಆ ಪೆಟ್ಗೆ ಹಾಕು.’

ನಾನು ಸ್ಪೀಕರಿನ ಬಳಿ ಹೋಗಿ ಕೂತೆ. ಮುಡುಕುತೊರೆಯವಳನ್ನು ಅವರು ಮುಂದಕ್ಕೆ ಕರೆದು ಎಲ್ಲರ ನಡುವೆ ನಿಲ್ಲಿಸಿದರು. ಅವಳು ಹೆದರಿಕೆಯಿಂದ ಬೆರಳು ಹಿಸುಕಿಕೊಳ್ಳುತ್ತಿದ್ದಳು. ‘ಏನಿಲ್ಲ ಕಣವ್ವ, ತಲೆ ಎತ್ತು, ಅಷ್ಟೇ. ಹ್ಞೂಂ, ಮೊದ್ಲಿಂದ.’

ನಾನು ಗುಂಡಿ ಒತ್ತಿದೆ.